ನ್ಯೂಟ್ರಲ್ ಆಕ್ಸಿಸ್ ನಡುವೆಯೇ ಇರಬೇಕಾ? ರಟ್ಟಿನ ತುಂಡಿನಿಂದ ಸಜ್ಜೆಯ ಕಂಬಿಯವರೆಗೆ

‘ಬೀಮಿನ ನ್ಯೂಟ್ರಲ್ ಆಕ್ಸಿಸ್ ಎಲ್ಲಿರುತ್ತೆ?’ ಅಂತ ವೈವಾದಲ್ಲಿ ಕೇಳಿದರೆ ಹೆಚ್ಚಿನ ಹುಡುಗರು ‘ಮಧ್ಯದಲ್ಲಿ ಸರ್’ ಅಂದುಬಿಡುತ್ತಾರೆ. ನ್ಯೂಟ್ರಲ್ ಆಕ್ಸಿಸ್ ಅಂದರೆ ಬೀಮ್ ಬಾಗಿದಾಗ ಹಿಗ್ಗದೆ ಕುಗ್ಗದೆ ಉಳಿಯುವ ಮಟ್ಟ. ಸ್ವಲ್ಪ ಓದಿಕೊಂಡು ಬಂದವರು ‘ಸೆಂಟ್ರಾಯ್ಡ್ ಮೂಲಕ ಹೋಗುತ್ತೆ ಸರ್’ ಅನ್ನುತ್ತಾರೆ. ಸೆಂಟ್ರಾಯ್ಡ್ ಅಂದರೆ ಆಕಾರದ ಸಮತೂಕದ ಬಿಂದು. ಮೊದಲನೇ ಉತ್ತರ ಮೇಲೂ ಕೆಳಗೂ ಒಂದೇ ರೀತಿ ಇರುವ ಆಕಾರಕ್ಕೆ ಸರಿ. ಎರಡನೇದು ಸ್ಟೀಲ್ ಬೀಮಿಗೆ ಸರಿ. ನಿಮ್ಮ ತಲೆಯ ಮೇಲಿರುವ ಮನೆಯ ಸ್ಲ್ಯಾಬಿಗೆ ಎರಡೂ ತಪ್ಪು.

ಓದುವಾಗ ನಾನೂ ಎರಡನೇ ಗುಂಪಿನವನೇ. ಎರಡು ಹೆಸರು ಒಂದೇ ವಸ್ತುವಿಗೆ ಅಂದುಕೊಂಡಿದ್ದೆ. ಸೈಟಿಗೆ ಹೋದ ಮೇಲೆ ಗೊತ್ತಾಯಿತು. ಸೆಂಟ್ರಾಯ್ಡ್ ಆಕಾರಕ್ಕೆ ಸೇರಿದ್ದು. ಕಾಗದದ ಮೇಲೆ ಒಂದು ಆಕಾರ ಬರೆದರೆ ಸಾಕು, ಅದಕ್ಕೊಂದು ಸೆಂಟ್ರಾಯ್ಡ್ ಇದ್ದೇ ಇರುತ್ತದೆ. ನ್ಯೂಟ್ರಲ್ ಆಕ್ಸಿಸ್ ಬಾಗುವುದಕ್ಕೆ ಸೇರಿದ್ದು. ಏನೂ ಬಾಗದಿದ್ದರೆ ಅದೂ ಇಲ್ಲ. ಕೆಲವು ಸಲ ಇವೆರಡೂ ಒಂದೇ ಕಡೆ ಬಂದು ನಿಲ್ಲುತ್ತವೆ, ಕೆಲವು ಸಲ ಇಲ್ಲ. ಯಾವಾಗ ಹಾಗೆ, ಯಾವಾಗ ಹೀಗೆ ಅನ್ನೋದನ್ನು ಕೈಯಲ್ಲಿ ಮಾಡಿಯೇ ನೋಡೋಣ. ಒಂದು ರಟ್ಟು, ಕತ್ತರಿ, ದಾರ, ಒಂದು ನಟ್, ಒಂದು ಫೋಮ್ ತುಂಡು ಇಟ್ಟುಕೊಳ್ಳಿ.

ಹೆಜ್ಜೆ 1: ರಟ್ಟು ನೇತುಹಾಕಿ

ದಪ್ಪ ರಟ್ಟಿನಲ್ಲಿ ‘ಎಲ್’ ಆಕಾರ ಕತ್ತರಿಸಿ. ಎರಡೂ ಕಾಲು ಹೊರಗಿನಿಂದ ಅಳೆದರೆ 20 ಸೆಂ.ಮೀ. ಉದ್ದ, 4 ಸೆಂ.ಮೀ. ಅಗಲ ಇರಲಿ. ಒಂದು ತುದಿಯ ಹತ್ತಿರ ಗುಂಡುಪಿನ್ನಿನಿಂದ ತೂತು ಮಾಡಿ, ಆ ಪಿನ್ನನ್ನೇ ಗೋಡೆಯ ಕ್ಯಾಲೆಂಡರಿಗೋ ಥರ್ಮೋಕೋಲಿಗೋ ಚುಚ್ಚಿ ರಟ್ಟು ನೇತಾಡಲು ಬಿಡಿ. ತೂತು ಸ್ವಲ್ಪ ಸಡಿಲ ಇರಬೇಕು, ಬಿಗಿಯಾದರೆ ರಟ್ಟು ತಿರುಗದೆ ಸುಮ್ನೆ ಅಂಟಿಕೊಳ್ಳುತ್ತದೆ. ದಾರದ ತುದಿಗೆ ನಟ್ ಕಟ್ಟಿ ಅದೇ ಪಿನ್ನಿನಿಂದ ಇಳಿಬಿಡಿ. ಅಲುಗಾಟ ನಿಂತ ಮೇಲೆ ದಾರದ ಗುಂಟ ಪೆನ್ಸಿಲ್ ಗೆರೆ ಎಳೆಯಿರಿ. ಈಗ ಬೇರೆ ತುದಿಯಿಂದ ನೇತುಹಾಕಿ ಇನ್ನೊಂದು ಗೆರೆ ಎಳೆಯಿರಿ. ಎರಡು ಗೆರೆ ಕೂಡುವ ಜಾಗವೇ ಸೆಂಟ್ರಾಯ್ಡ್. ಅನುಮಾನ ಬಂದರೆ ಮೂರನೇ ಕಡೆಯಿಂದಲೂ ನೇತುಹಾಕಿ, ಅದೂ ಅಲ್ಲಿಗೇ ಬರಬೇಕು.

ಆದರೆ ‘ಎಲ್’ ಆಕಾರದಲ್ಲಿ ಒಂದು ಪೇಚು ಇದೆ. ಗೆರೆಗಳು ರಟ್ಟಿನ ಮೇಲೆ ಕೂಡುವುದೇ ಇಲ್ಲ, ಒಳಮೂಲೆಯ ಖಾಲಿ ಜಾಗದಲ್ಲಿ ಕೂಡುತ್ತವೆ. ಅದಕ್ಕೆ ಮೊದಲೇ ಆ ಮೂಲೆಗೆ ತೆಳು ಕಾಗದ ಅಂಟಿಸಿಕೊಳ್ಳಿ. ಸೆಂಟ್ರಾಯ್ಡ್ ವಸ್ತುವಿನ ಹೊರಗೂ ಇರಬಹುದು ಅನ್ನೋದನ್ನು ಕಣ್ಣಾರೆ ನೋಡಿದವರು ಆಮೇಲೆ ಮರೆಯುವುದಿಲ್ಲ. ಬಳೆಯ ಸೆಂಟ್ರಾಯ್ಡ್ ಎಲ್ಲಿ ಅಂತ ಯೋಚಿಸಿ ನೋಡಿ, ಅಲ್ವಾ?

ಹೆಜ್ಜೆ 2: ಅದನ್ನೇ ಲೆಕ್ಕದಲ್ಲಿ ಹಿಡಿಯಿರಿ

ಎಲ್ಲವನ್ನೂ ನೇತುಹಾಕಲು ಆಗುವುದಿಲ್ಲವಲ್ಲ. ಲೆಕ್ಕದ ದಾರಿ ಇದು: ಆಕಾರವನ್ನು ಆಯತ, ತ್ರಿಭುಜ, ಅರ್ಧವೃತ್ತದಂಥ ಗೊತ್ತಿರುವ ತುಂಡುಗಳಾಗಿ ಒಡೆಯಿರಿ. ಪ್ರತಿ ತುಂಡಿನ ವಿಸ್ತೀರ್ಣವನ್ನು, ಒಂದು ಅಂಚಿನಿಂದ ಅದರ ಸೆಂಟ್ರಾಯ್ಡಿಗೆ ಇರುವ ದೂರದಿಂದ ಗುಣಿಸಿ. ಎಲ್ಲ ಕೂಡಿಸಿ, ಒಟ್ಟು ವಿಸ್ತೀರ್ಣದಿಂದ ಭಾಗಿಸಿ.

ನಮ್ಮ ರಟ್ಟಿಗೆ ಹಾಕೋಣ. ಮಲಗಿರುವ ಕಾಲು 20 × 4 = 80 ಚದರ ಸೆಂ.ಮೀ., ಕೆಳ ಅಂಚಿನಿಂದ ಅದರ ನಡು 2 ಸೆಂ.ಮೀ. ನಿಂತಿರುವ ಕಾಲಿನಲ್ಲಿ ಉಳಿದಿದ್ದು 16 × 4 = 64, ಅದರ ನಡು 4 + 8 = 12 ಸೆಂ.ಮೀ. ಎತ್ತರದಲ್ಲಿ. ಈಗ 80 × 2 + 64 × 12 = 928. ಅದನ್ನು 144ರಿಂದ ಭಾಗಿಸಿದರೆ 6.44 ಸೆಂ.ಮೀ. ಎರಡೂ ಕಾಲು ಒಂದೇ ಅಳತೆ ಆದ್ದರಿಂದ ಪಕ್ಕದ ಅಂಚಿನಿಂದಲೂ ಇಷ್ಟೇ. ರಟ್ಟಿನ ಅಗಲ 4 ಸೆಂ.ಮೀ. ಮಾತ್ರ, ಹಾಗಾಗಿ ಬಿಂದು ಹೊರಗೆ ಬಿತ್ತು. ನಿಮ್ಮ ಪೆನ್ಸಿಲ್ ಗೆರೆ 6.2ಕ್ಕೋ 6.6ಕ್ಕೋ ಬಂದಿದ್ದರೆ ಒಳ್ಳೆಯ ಕೆಲಸವೇ. 9ಕ್ಕೆ ಬಂದಿದ್ದರೆ ತೂತು ಬಿಗಿಯಾಗಿತ್ತು ಅಂತ ಲೆಕ್ಕ.

ಬಾಯಲ್ಲಿ ಇರಬೇಕಾದ ಅಳತೆಗಳು ಎರಡೇ: ತ್ರಿಭುಜಕ್ಕೆ ಪಾದದಿಂದ ಎತ್ತರದ ಮೂರನೇ ಒಂದು ಭಾಗ, ಅರ್ಧವೃತ್ತಕ್ಕೆ ವ್ಯಾಸದ ಗೆರೆಯಿಂದ ತ್ರಿಜ್ಯದ 0.424 ಪಾಲು. ತೂತು ಇದ್ದರೆ ಆ ತುಂಡನ್ನು ಕೂಡಿಸುವ ಬದಲು ಕಳೆಯಿರಿ, ‘ವಿಸ್ತೀರ್ಣ × ದೂರ’ದ ಮೊತ್ತದಲ್ಲೂ, ಭಾಗಿಸುವ ಒಟ್ಟು ವಿಸ್ತೀರ್ಣದಲ್ಲೂ.

ತಪ್ಪು ಆಗುವುದು ಒಂದೇ ಕಡೆ. ಒಂದು ತುಂಡಿನ ದೂರವನ್ನು ಮೇಲಿನಿಂದ, ಇನ್ನೊಂದರದ್ದನ್ನು ಕೆಳಗಿನಿಂದ ಅಳೆದುಬಿಡುತ್ತಾರೆ. ಹಾಗಾಗಿದೆಯಾ ಅಂತ ನೋಡಲು ಸುಲಭದ ಪರೀಕ್ಷೆ ಇದೆ: ಎರಡು ತುಂಡು ಕೂಡಿಸಿದ್ದರೆ ಉತ್ತರ ಆ ಎರಡು ತುಂಡುಗಳ ನಡುಬಿಂದುಗಳ ಮಧ್ಯೆಯೇ ಬೀಳಬೇಕು, ದೊಡ್ಡ ತುಂಡಿನ ಕಡೆಗೆ ವಾಲಿರಬೇಕು. ಹಾಗಿಲ್ಲದಿದ್ದರೆ ಮುಂದೆ ಹೋಗಬೇಡಿ.

ಇದೇ ಲೆಕ್ಕವನ್ನು ಅಂಗಡಿಯಲ್ಲಿ ಸಿಗುವ, ‘ಎಲ್’ ಆಕಾರದ ಸ್ಟೀಲ್ ಪಟ್ಟಿಯಾದ 50 × 50 × 6 ಎಂಎಂ ಆ್ಯಂಗಲ್‌ಗೆ ಮಾಡಿ. 14.7 ಎಂಎಂ ಬರುತ್ತದೆ. ಸ್ಟೀಲ್ ಟೇಬಲ್ ತೆಗೆದರೆ ಅಲ್ಲಿ 14.5 ಇದೆ. ನೀವು ತಪ್ಪಿಲ್ಲ. ಕಾರ್ಖಾನೆಯಲ್ಲಿ ರೋಲ್ ಆದ ಆ್ಯಂಗಲ್‌ಗೆ ಒಳಮೂಲೆಯಲ್ಲಿ ಸ್ವಲ್ಪ ಮಾಂಸ ಜಾಸ್ತಿ, ತುದಿಗಳು ದುಂಡಗೆ. ಆ 0.2 ಎಂಎಂ ಅಲ್ಲಿಂದ ಬಂತು.

ಹೆಜ್ಜೆ 3: ಫೋಮ್ ಬಾಗಿಸಿ

ಹಾಸಿಗೆ ಅಂಗಡಿಯಲ್ಲಿ ಸಿಗುವ ಉದ್ದನೆಯ ಫೋಮ್ ತುಂಡಿನ ಪಕ್ಕದ ಮುಖದ ಮೇಲೆ ಸ್ಕೆಚ್ ಪೆನ್ನಿನಿಂದ ಎರಡೆರಡು ಸೆಂ.ಮೀ.ಗೆ ನೇರ ಗೆರೆ ಎಳೆಯಿರಿ. ಎರಡೂ ತುದಿ ಹಿಡಿದು ನಡು ತಗ್ಗುವ ಹಾಗೆ ಬಾಗಿಸಿ. ಮೇಲ್ಗಡೆ ಗೆರೆಗಳು ಹತ್ತಿರ ಬಂದವು, ಕೆಳಗಡೆ ದೂರ ಹೋದವು. ಮೇಲೆ ಒತ್ತಡ, ಕೆಳಗೆ ಎಳೆತ. ಈ ಒತ್ತಡದಿಂದ ಎಳೆತಕ್ಕೆ ಹೋಗುವ ದಾರಿಯಲ್ಲಿ ಎಲ್ಲೋ ಒಂದು ಕಡೆ ಗೆರೆಗಳ ಅಂತರ ಮೊದಲಿದ್ದಷ್ಟೇ ಇರಬೇಕು. ಆ ಮಟ್ಟವೇ ನ್ಯೂಟ್ರಲ್ ಆಕ್ಸಿಸ್, ಪಠ್ಯಪುಸ್ತಕದ ಮಾತಿನಲ್ಲಿ ತಟಸ್ಥ ಅಕ್ಷ.

ಅದು ಸೆಂಟ್ರಾಯ್ಡಿಗೇ ಯಾಕೆ ಬರಬೇಕು? ಬೀಮನ್ನು ಬರೀ ಬಾಗಿಸುತ್ತಿದ್ದೇವೆ, ಉದ್ದಕ್ಕೆ ಎಳೆಯುತ್ತಲೂ ಇಲ್ಲ, ತಳ್ಳುತ್ತಲೂ ಇಲ್ಲ. ಹಾಗಾದರೆ ಒಳಗಿನ ಒಟ್ಟು ಎಳೆತ ಒಟ್ಟು ಒತ್ತಡಕ್ಕೆ ಸಮ ಆಗಲೇಬೇಕು. ಸ್ಟ್ರೆಸ್, ಅಂದರೆ ಪ್ರತಿ ಚದರ ಎಂಎಂಗೆ ಬರುವ ಬಲ, ನ್ಯೂಟ್ರಲ್ ಆಕ್ಸಿಸ್‌ನಿಂದ ದೂರ ಹೋದಷ್ಟೂ ಅದೇ ಪ್ರಮಾಣದಲ್ಲಿ ಏರುತ್ತದೆ. ಅಂದರೆ ‘ವಿಸ್ತೀರ್ಣ × ದೂರ’ ಮೇಲೂ ಕೆಳಗೂ ಸಮ ಆಗಬೇಕು. ಅದು ಹೆಜ್ಜೆ 2ರಲ್ಲಿ ಮಾಡಿದ ಲೆಕ್ಕವೇ! ಆದರೆ ಈ ಮಾತಿನೊಳಗೆ ಮೂರು ಷರತ್ತು ಕೂತಿವೆ: ಉದ್ದಕ್ಕೆ ಬಲ ಇಲ್ಲ, ಇಡೀ ಸೆಕ್ಷನ್ (ಬೀಮನ್ನು ಅಡ್ಡ ಕತ್ತರಿಸಿದರೆ ಕಾಣುವ ಮುಖ) ಒಂದೇ ಸಾಮಗ್ರಿ, ಸ್ಟ್ರೆಸ್ ನೇರ ಗೆರೆಯಂತೆ ಏರುತ್ತದೆ. ಇವುಗಳಲ್ಲಿ ಒಂದು ಮುರಿದರೂ ನ್ಯೂಟ್ರಲ್ ಆಕ್ಸಿಸ್ ಜಾಗ ಬಿಟ್ಟು ಸರಿಯಬಹುದು.

ಈಗ ಅರ್ಧ ಪುಟದಲ್ಲಿ ಮುಗಿಯುವ ಈ ಮಾತು ಹೊಳೆಯಲು ದೊಡ್ಡವರಿಗೂ ತುಂಬಾ ಕಾಲ ಹಿಡಿಯಿತು. 1638ರಲ್ಲಿ ಗೆಲಿಲಿಯೋ ಗೋಡೆಗೆ ಸಿಕ್ಕಿಸಿದ ತೊಲೆಯ ಲೆಕ್ಕ ಹಾಕಿದ. ತೊಲೆ ಕೆಳ ಅಂಚಿನ ಮೇಲೆ ತಿರುಗುತ್ತದೆ, ಸೆಕ್ಷನ್ ಪೂರ್ತಿ ಒಂದೇ ಸಮನೆ ಎಳೆತದಲ್ಲಿದೆ ಅಂದುಕೊಂಡ. ಆ ಲೆಕ್ಕದಲ್ಲಿ ತೊಲೆಯ ಶಕ್ತಿ ಈಗಿನ ಲೆಕ್ಕದ ಮೂರು ಪಟ್ಟು ಬರುತ್ತದೆ. ಆದರೆ ಎತ್ತರ ಎರಡು ಪಟ್ಟಾದರೆ ಶಕ್ತಿ ನಾಲ್ಕು ಪಟ್ಟು ಅನ್ನೋದು ಆಗಲೇ ಸರಿಯಾಗಿ ಸಿಕ್ಕಿತ್ತು. 1713ರಲ್ಲಿ ಫ್ರಾನ್ಸಿನ ಪಾರಾಂ, 1773ರಲ್ಲಿ ಕೂಲಂಬ್ ಸರಿದಾರಿ ಹಿಡಿದರು. ಇಂಜಿನಿಯರುಗಳ ಕೈಗೆ ಅದನ್ನು ಅಚ್ಚುಕಟ್ಟಾಗಿ ಕೊಟ್ಟಿದ್ದು 1826ರಲ್ಲಿ ನೇವಿಯರ್. ಪರೀಕ್ಷೆಯಲ್ಲಿ ಇದು ತಪ್ಪಿದರೆ ತೀರಾ ಬೇಜಾರು ಮಾಡಿಕೊಳ್ಳಬೇಡಿ.

ಹೆಜ್ಜೆ 4: ಒಂದು ‘ಟಿ’ ಬೀಮ್, ಪೂರ್ತಿ ಲೆಕ್ಕ

ಮೇಲಿನ ಪಟ್ಟಿ 100 ಎಂಎಂ ಅಗಲ, 20 ಎಂಎಂ ದಪ್ಪ. ಕೆಳಗೆ ನಿಂತಿರುವ ಪಟ್ಟಿ 20 ಎಂಎಂ ಅಗಲ, 100 ಎಂಎಂ ಎತ್ತರ. ಒಟ್ಟು ಎತ್ತರ 120. ಒಂದೊಂದು ತುಂಡಿನ ವಿಸ್ತೀರ್ಣವೂ 2000 ಚದರ ಎಂಎಂ. ಕೆಳಗಿನಿಂದ ಅಳೆದರೆ ಒಂದರ ನಡು 110, ಇನ್ನೊಂದರದು 50. ವಿಸ್ತೀರ್ಣ ಸಮ ಇರುವುದರಿಂದ ಸೆಂಟ್ರಾಯ್ಡ್ ಸರಿಯಾಗಿ ನಡುವೆ: 80 ಎಂಎಂ. ಬೀಮಿನ ಅರ್ಧ ಎತ್ತರ 60, ನೆನಪಿರಲಿ. ‘ಮಧ್ಯದಲ್ಲಿ ಸರ್’ ಅಂದವರು ಇಲ್ಲೇ 20 ಎಂಎಂ ತಪ್ಪಿದರು.

ಮುಂದೆ ಮೊಮೆಂಟ್ ಆಫ್ ಇನರ್ಷಿಯಾ, ಅಂದರೆ ಆಕಾರ ಬಾಗುವುದನ್ನು ಎಷ್ಟು ತಡೆಯುತ್ತದೆ ಅನ್ನುವ ಅಳತೆ. ಪ್ರತಿ ತುಂಡಿಗೆ ಅಗಲ × ಎತ್ತರದ ಘನ ÷ 12, ಅದಕ್ಕೆ ವಿಸ್ತೀರ್ಣ × (ನ್ಯೂಟ್ರಲ್ ಆಕ್ಸಿಸ್‌ಗೆ ದೂರ)² ಕೂಡಿಸಬೇಕು. ಇಲ್ಲಿ ಎರಡಕ್ಕೂ ದೂರ 30.

ಮೇಲಿನ ಪಟ್ಟಿ: 66,667 + 18,00,000 = 18,66,667
ಕೆಳಗಿನದು: 16,66,667 + 18,00,000 = 34,66,667
ಒಟ್ಟು: 53,33,333 ಎಂಎಂ⁴

ಮೇಲಿನ ಪಟ್ಟಿಯ ಸಾಲು ನೋಡಿ. ಸ್ವಂತದ್ದು 66 ಸಾವಿರ, ದೂರ ನಿಂತಿದ್ದರಿಂದ ಬಂದಿದ್ದು 18 ಲಕ್ಷ. ‘ಐ’ ಬೀಮಿನಲ್ಲಿ ಕಬ್ಬಿಣವನ್ನೆಲ್ಲ ಮೇಲೆ ಕೆಳಗೆ ಯಾಕೆ ಹಾಕುತ್ತಾರೆ ಅನ್ನೋದಕ್ಕೆ ಉತ್ತರ ಆ ಒಂದು ಸಾಲಿನಲ್ಲಿದೆ. ನಿಮ್ಮ ಪ್ಲಾಸ್ಟಿಕ್ ಅಡಿಕೋಲನ್ನು ಅಡ್ಡಡ್ಡ ಹಿಡಿದು ಬಾಗಿಸಿ, ಆಮೇಲೆ ಅಂಚಿನ ಮೇಲೆ ನಿಲ್ಲಿಸಿ ಬಾಗಿಸಿ. 30 ಎಂಎಂ ಅಗಲ, 3 ಎಂಎಂ ದಪ್ಪದ್ದಾದರೆ ಎರಡರ ನಡುವೆ ನೂರು ಪಟ್ಟು ವ್ಯತ್ಯಾಸ.

ಈಗ ಭಾರ. 2 ಮೀಟರ್ ಉದ್ದಕ್ಕೆ ಎರಡೂ ತುದಿ ಆಧಾರದ ಮೇಲಿಟ್ಟು, ನಡುವೆ 4 ಕಿಲೋನ್ಯೂಟನ್, ಅಂದರೆ ಸುಮಾರು 400 ಕೆ.ಜಿ. ಇಟ್ಟೆವು ಅನ್ನಿ. ಬೀಮಿನ ಸ್ವಂತ ತೂಕ ಸದ್ಯಕ್ಕೆ ಬಿಡೋಣ. ಬೆಂಡಿಂಗ್ ಮೊಮೆಂಟ್, ಅಂದರೆ ಭಾರ ಬೀಮನ್ನು ಎಷ್ಟು ಬಾಗಿಸಲು ನೋಡುತ್ತದೆ ಅನ್ನೋದು, ಭಾರ × ಉದ್ದ ÷ 4: 4 × 2 ÷ 4 = 2 ಕಿಲೋನ್ಯೂಟನ್ ಮೀಟರ್. ಎಂಎಂ ಲೆಕ್ಕಕ್ಕೆ ತಂದರೆ 20 ಲಕ್ಷ ನ್ಯೂಟನ್ ಎಂಎಂ. ಸ್ಟ್ರೆಸ್ = ಮೊಮೆಂಟ್ × ದೂರ ÷ ಇನರ್ಷಿಯಾ. ಕೆಳ ಅಂಚಿಗೆ ದೂರ 80, ಅಲ್ಲಿ 30 ಮೆಗಾಪ್ಯಾಸ್ಕಲ್ ಎಳೆತ. ಮೇಲಂಚಿಗೆ ದೂರ 40, ಅಲ್ಲಿ 15 ಒತ್ತಡ.

ಒಂದೇ ಬೀಮ್, ಒಂದೇ ಭಾರ. ಆದರೂ ಕೆಳಗೆ ಎರಡರಷ್ಟು. ಬೀಮನ್ನು ತಲೆಕೆಳಗು ಮಾಡಿಟ್ಟರೆ ಎಳೆತ 15, ಒತ್ತಡ 30. ಸಾಧಾರಣ ಸ್ಟೀಲಿಗೆ ಇದರಿಂದ ಅಷ್ಟೇನೂ ವ್ಯತ್ಯಾಸವಿಲ್ಲ. ಎರಕದ ಕಬ್ಬಿಣಕ್ಕೆ ಪ್ರಾಣದ ಪ್ರಶ್ನೆ, ಯಾಕೆಂದರೆ ಅದು ಒತ್ತಡ ಚೆನ್ನಾಗಿ ತಡೆಯುತ್ತದೆ, ಎಳೆದರೆ ಪಟ್ ಅಂತ ಒಡೆಯುತ್ತದೆ. ಮ್ಯಾಂಚೆಸ್ಟರಿನ ಈಟನ್ ಹಾಡ್ಜ್‌ಕಿನ್ಸನ್ 1830ರ ಸುಮಾರಿಗೆ ಎರಕದ ಬೀಮುಗಳನ್ನು ಮುರಿದು ಮುರಿದು ನೋಡಿ, ಕೆಳ ಪಟ್ಟಿ ಮೇಲಿನದ್ದಕ್ಕಿಂತ ಸುಮಾರು ಆರು ಪಟ್ಟು ದೊಡ್ಡದಿರಬೇಕು ಅಂತ ಹೇಳಿದ. ನ್ಯೂಟ್ರಲ್ ಆಕ್ಸಿಸನ್ನು ಬೇಕಂತಲೇ ಕೆಳಕ್ಕೆ ಎಳೆದು, ಎಳೆತ ಕಡಿಮೆ ಮಾಡುವ ಉಪಾಯ ಅದು.

‘ಎಲ್’ ಆ್ಯಂಗಲ್ ಬೀಮಾಗಿ ಹಾಕುವವರಿಗೆ ಒಂದು ಮಾತು. ಅದರ ನ್ಯೂಟ್ರಲ್ ಆಕ್ಸಿಸ್ ಸೆಂಟ್ರಾಯ್ಡ್ ಮೂಲಕವೇ ಹೋಗುತ್ತದೆ, ಆದರೆ ಓರೆಯಾಗಿ. ನೀವು ಕೆಳಕ್ಕೆ ಒತ್ತಿದರೆ ಅದು ಪಕ್ಕಕ್ಕೂ ಸರಿಯುತ್ತದೆ. ಮೇಲಿನ ಸರಳ ಲೆಕ್ಕ ಅಲ್ಲಿ ನಡೆಯುವುದಿಲ್ಲ.

ಹೆಜ್ಜೆ 5: ಷರತ್ತು ಮುರಿದಿದೆಯಾ ನೋಡಿ

ಮೊದಲು ಉದ್ದಕ್ಕೆ ಬರುವ ಬಲ. 9 ಇಂಚಿನ, ಅಂದರೆ 230 ಎಂಎಂ ಇಟ್ಟಿಗೆ ಗೋಡೆಯ ಮೇಲೆ ಭಾರ ಸರಿಯಾಗಿ ನಡುವೆ ಕೂರದೆ 20 ಎಂಎಂ ಪಕ್ಕಕ್ಕೆ ಕೂತಿದೆ ಅನ್ನಿ. ಸೆಂಟ್ರಾಯ್ಡಿನಿಂದ ನ್ಯೂಟ್ರಲ್ ಆಕ್ಸಿಸ್ ಎಷ್ಟು ದೂರ ಅನ್ನೋದಕ್ಕೆ ದಪ್ಪದ ವರ್ಗವನ್ನು, ಭಾರ ಸರಿದ ದೂರದ 12 ಪಟ್ಟಿನಿಂದ ಭಾಗಿಸಬೇಕು: 52,900 ÷ 240 = 220 ಎಂಎಂ. ಗೋಡೆಯ ಅರ್ಧ ದಪ್ಪ 115 ಮಾತ್ರ! ಅಂದರೆ ನ್ಯೂಟ್ರಲ್ ಆಕ್ಸಿಸ್ ಗೋಡೆಯಿಂದ 105 ಎಂಎಂ ಹೊರಗೆ, ಗಾಳಿಯಲ್ಲಿದೆ. ಇದು ಒಳ್ಳೆಯ ಸುದ್ದಿ. ಗೋಡೆಯಲ್ಲಿ ಎಲ್ಲೂ ಎಳೆತ ಇಲ್ಲ ಅಂತ ಅರ್ಥ. ಭಾರ ದಪ್ಪದ ಆರನೇ ಒಂದು ಭಾಗ, ಅಂದರೆ 38 ಎಂಎಂ ಸರಿದಾಗ ಅದು ಗೋಡೆಯ ಮುಖಕ್ಕೆ ಬಂದು ಮುಟ್ಟುತ್ತದೆ. ಅದಕ್ಕಿಂತ ಜಾಸ್ತಿಯಾದರೆ ಒಳಗೆ ಬರುತ್ತದೆ, ಆ ಕಡೆಯ ಗಾರೆ ಬಾಯಿ ಬಿಡಲು ಶುರು.

ಸ್ಟೀಲ್ ಪೂರ್ತಿ ಯೀಲ್ಡ್ ಆಗುವವರೆಗೆ, ಅಂದರೆ ಬಿಟ್ಟರೂ ಮೊದಲಿನಂತಾಗದಷ್ಟು, ಬಾಗಿಸಿದರೂ ಹಾಗೇ, ಸ್ಟ್ರೆಸ್ ನೇರ ಗೆರೆಯಲ್ಲಿ ಉಳಿಯುವುದಿಲ್ಲ. ಆಗ ನ್ಯೂಟ್ರಲ್ ಆಕ್ಸಿಸ್ ವಿಸ್ತೀರ್ಣವನ್ನು ಸರಿಯಾಗಿ ಎರಡು ಪಾಲು ಮಾಡುವ ಕಡೆ ಹೋಗುತ್ತದೆ. ನಮ್ಮ ‘ಟಿ’ ಬೀಮಿಗೆ ಅದು 80ರಿಂದ 100 ಎಂಎಂಗೆ ಏರಿ, ಎರಡು ಪಟ್ಟಿ ಕೂಡುವ ಜಾಗದಲ್ಲಿ ನಿಲ್ಲುತ್ತದೆ.

ಮೂರನೆಯದು ಆರ್‌ಸಿಸಿ, ಅಂದರೆ ಕಂಬಿ ಹಾಕಿದ ಕಾಂಕ್ರೀಟ್. ಇಲ್ಲಿ ಸ್ವಲ್ಪ ನಿಲ್ಲೋಣ, ಯಾಕೆಂದರೆ ನಾವೆಲ್ಲ ಬದುಕುತ್ತಿರುವುದು ಇದರ ಕೆಳಗೆ.

ಕಾಂಕ್ರೀಟಿಗೆ ಎಳೆತ ತಡೆಯಲು ಆಗುವುದಿಲ್ಲ, ಸೀಳುತ್ತದೆ. ಹಾಗಾಗಿ ಲೆಕ್ಕದಲ್ಲಿ ಎಳೆತದ ಕಡೆಯ ಕಾಂಕ್ರೀಟನ್ನು ಇಲ್ಲವೇ ಇಲ್ಲ ಅಂತ ಬಿಟ್ಟು, ಎಳೆತವನ್ನೆಲ್ಲ ಕಂಬಿಗೆ ಒಪ್ಪಿಸುತ್ತೇವೆ. ನಮ್ಮ ದೇಶದ ಕಾಂಕ್ರೀಟ್ ಕೋಡ್ ಐಎಸ್ 456:2000ರ ಪ್ರಕಾರ ಒತ್ತಡದ ಅಂಚಿನಿಂದ ನ್ಯೂಟ್ರಲ್ ಆಕ್ಸಿಸ್‌ಗೆ ದೂರ ಹೀಗೆ: 0.87 × ಕಂಬಿಯ ಶಕ್ತಿ × ಕಂಬಿಯ ವಿಸ್ತೀರ್ಣ, ಅದನ್ನು 0.36 × ಕಾಂಕ್ರೀಟಿನ ಶಕ್ತಿ × ಅಗಲದಿಂದ ಭಾಗಿಸಬೇಕು.

150 ಎಂಎಂ ದಪ್ಪದ ಸ್ಲ್ಯಾಬ್. ಎಂ20 ಕಾಂಕ್ರೀಟ್ (ಶಕ್ತಿ 20 ಮೆಗಾಪ್ಯಾಸ್ಕಲ್), ಎಫ್‌ಇ500 ಕಂಬಿ (ಶಕ್ತಿ 500), 10 ಎಂಎಂ ಕಂಬಿ 150ಕ್ಕೊಂದು. ಮೀಟರ್ ಅಗಲಕ್ಕೆ ಕಂಬಿಯ ವಿಸ್ತೀರ್ಣ ಸುಮಾರು 524 ಚದರ ಎಂಎಂ. ಲೆಕ್ಕ ಹಾಕಿದರೆ ಮೇಲಿನಿಂದ 31.6 ಎಂಎಂ. 75 ಅಲ್ಲ, 31.6! ಮೇಲಿನ ಒಂದೂಕಾಲು ಇಂಚು ಮಾತ್ರ ಒತ್ತಡ ಹೊರುತ್ತಿದೆ. ಉಳಿದ ಕಾಂಕ್ರೀಟಿನ ಕೆಲಸ ಕಂಬಿಯನ್ನು ಅದರ ಜಾಗದಲ್ಲಿ ಹಿಡಿದಿಡುವುದು, ಶಿಯರ್ (ಪದರಗಳು ಒಂದರ ಮೇಲೊಂದು ಜಾರುವುದು) ತಡೆಯುವುದು, ತುಕ್ಕು ಬರದಂತೆ ಮುಚ್ಚುವುದು. ಎಫ್‌ಇ500ಕ್ಕೆ ಈ ದೂರ ಎಫೆಕ್ಟಿವ್ ಡೆಪ್ತಿನ (ಒತ್ತಡದ ಅಂಚಿನಿಂದ ಕಂಬಿಯ ನಡುವಿಗೆ ಇರುವ ದೂರ) 0.46 ಪಾಲು ದಾಟಬಾರದು ಅಂತ ಕೋಡ್ ಹೇಳುತ್ತದೆ. ನಮ್ಮ 125 ಎಂಎಂ ಡೆಪ್ತಿಗೆ 57.5. ದಾಟಿದರೆ ಕಂಬಿ ಯೀಲ್ಡ್ ಆಗುವ ಮೊದಲೇ ಕಾಂಕ್ರೀಟ್ ಪುಡಿಯಾಗುತ್ತದೆ, ಬಾಗಿ ಬಿರುಕು ಬಿಟ್ಟು ಸೂಚನೆ ಕೊಡುವುದೇ ಇಲ್ಲ. ‘ಕಂಬಿ ಜಾಸ್ತಿ ಹಾಕಿದರೆ ಗಟ್ಟಿ’ ಅನ್ನುವ ಮನೆ ಯಜಮಾನರಿಗೆ ಇದನ್ನು ವಿವರಿಸುವುದು ಕಷ್ಟ.

ಸಜ್ಜೆಯ ಹತ್ತಿರ ಟೇಪ್ ಹಿಡಿದು ಹೋಗಿ

ಇಷ್ಟೆಲ್ಲ ಲೆಕ್ಕ ಸೈಟಿನಲ್ಲಿ ಉಪಯೋಗಕ್ಕೆ ಬರುವುದು ಸಜ್ಜೆ ಹಾಕುವ ದಿನ. ಎರಡೂ ಕಡೆ ಗೋಡೆ ಇರುವ ಸ್ಲ್ಯಾಬ್ ನಡುವೆ ತಗ್ಗುತ್ತದೆ, ಎಳೆತ ಕೆಳಗೆ, ಕಂಬಿ ಕೆಳಗೆ. ಸಜ್ಜೆ, ಬಾಲ್ಕನಿ ಗೋಡೆಯಿಂದ ಹೊರಗೆ ಚಾಚಿಕೊಂಡಿರುತ್ತವೆ, ತುದಿ ಕೆಳಕ್ಕೆ ಬಾಗುತ್ತದೆ. ಫೋಮನ್ನು ಟೇಬಲ್ ಅಂಚಿನಲ್ಲಿ ಚಾಚಿ ಹಿಡಿದು ನೋಡಿ, ಗೆರೆಗಳು ಮೇಲ್ಗಡೆ ದೂರ ಹೋಗುತ್ತವೆ. ಎಳೆತ ಮೇಲೆ, ಹಾಗಾಗಿ ಮುಖ್ಯ ಕಂಬಿಯೂ ಮೇಲೆ.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಮನೆಯ ಸಜ್ಜೆ ಕಾಂಕ್ರೀಟಿಗೆ ನಿಂತಿದ್ದೆ. ಕಂಬಿ ಕಟ್ಟಿದ್ದು ಚೆನ್ನಾಗಿತ್ತು, ಡ್ರಾಯಿಂಗ್ ಪ್ರಕಾರವೇ ಇತ್ತು. ಹಿಂದಿನ ಸಂಜೆ ನೋಡಿ ಸರಿ ಅಂದಿದ್ದೆ. ಬೆಳಿಗ್ಗೆ ಬಾಂಡ್ಲಿ ಹೊತ್ತವರು ಅದೇ ಕಂಬಿಯ ಮೇಲೆ ಓಡಾಡಿದರು. ಕಂಬಿಯ ಕೆಳಗೆ ಚೇರ್ (ಮೇಲಿನ ಕಂಬಿಯನ್ನು ಎತ್ತಿ ಹಿಡಿಯುವ, ಕಂಬಿ ಬಾಗಿಸಿ ಮಾಡಿದ ಆಸರೆ) ಇಟ್ಟಿರಲಿಲ್ಲ, ಅದನ್ನು ನಾನೂ ಗಮನಿಸಿರಲಿಲ್ಲ. ಅರ್ಧ ಕಾಂಕ್ರೀಟ್ ಬಿದ್ದ ಮೇಲೆ ಒಂದು ಕಡೆ ಬೆರಳು ಹಾಕಿ ನೋಡಿದರೆ ಕಂಬಿ ಒಂದು ಇಂಚು ಕೆಳಗಿತ್ತು. ಕಾಂಕ್ರೀಟ್ ತೆಗೆಸಿ ಮತ್ತೆ ಎತ್ತಿ ಕಟ್ಟಿಸಿದೆ. ಮೇಸ್ತ್ರಿ ಆ ದಿನ ಪೂರ್ತಿ ನನ್ನ ಜೊತೆ ಮಾತಾಡಲಿಲ್ಲ.

‘ಒಂದಿಂಚಿಗೆ ಏನಾಗುತ್ತೆ ಸಾರ್’ ಅಂತ ಅವರು ಕೇಳಿದ್ದು ನ್ಯಾಯವಾದ ಪ್ರಶ್ನೆಯೇ. ಉತ್ತರ ಇಲ್ಲಿದೆ. 100 ಎಂಎಂ ಸಜ್ಜೆ, 8 ಎಂಎಂ ಕಂಬಿ 150ಕ್ಕೊಂದು, ಮೇಲೆ 20 ಎಂಎಂ ಕವರ್, ಅಂದರೆ ಕಂಬಿಯನ್ನು ಮುಚ್ಚುವ ಕಾಂಕ್ರೀಟ್. ಕಾಂಕ್ರೀಟು, ಕಂಬಿ ಮೊದಲಿನ ದರ್ಜೆಯವೇ. ಕೆಳಗಿನಿಂದ ಕಂಬಿಯ ನಡುವಿಗೆ 76 ಎಂಎಂ. ಇಲ್ಲಿ ಒತ್ತಡ ಕೆಳಗಿರುವುದರಿಂದ ನ್ಯೂಟ್ರಲ್ ಆಕ್ಸಿಸ್ ಕೆಳಗಿನಿಂದ 20.2 ಎಂಎಂನಲ್ಲಿ. ಒತ್ತಡದ ಬಲ ಕೆಳಗಿನಿಂದ ಅದರ 0.42 ಪಾಲು, ಅಂದರೆ 8.5 ಎಂಎಂನಲ್ಲಿ ನಿಂತಿದೆ ಅಂತ ಲೆಕ್ಕ. ಎಳೆತ ಮತ್ತು ಒತ್ತಡದ ನಡುವಿನ ತೋಳು 67.5 ಎಂಎಂ, ಮೀಟರ್ ಅಗಲಕ್ಕೆ ಸಜ್ಜೆ ತಡೆಯುವ ಮೊಮೆಂಟ್ ಸುಮಾರು 9.8 ಕಿಲೋನ್ಯೂಟನ್ ಮೀಟರ್. ಕಂಬಿ 25 ಎಂಎಂ ತಗ್ಗಿದರೆ ತೋಳು 42.5ಕ್ಕೆ ಇಳಿಯುತ್ತದೆ, ಮೊಮೆಂಟ್ 6.2ಕ್ಕೆ. ಕಂಬಿ ಅಷ್ಟೇ, ಸಿಮೆಂಟ್ ಅಷ್ಟೇ, ಖರ್ಚೂ ಅಷ್ಟೇ. ಶಕ್ತಿಯಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಹೋಯಿತು. ಪೂರ್ತಿ ತಳಕ್ಕೆ ತುಳಿದುಬಿಟ್ಟರೆ ಅದು ಕಂಬಿಯಿಲ್ಲದ ಸಜ್ಜೆಯ ಹಾಗೆಯೇ.

ಆದ್ದರಿಂದ ಮೊದಲ ಬಾಂಡ್ಲಿ ಬೀಳುವ ಮುಂಚೆ, ಜನ ಓಡಾಡಿದ ಮೇಲೆ ಇನ್ನೊಂದು ಸಲ, ಸೆಂಟ್ರಿಂಗ್ ಹಲಗೆಯಿಂದ ಕಂಬಿಯ ನಡುವಿಗೆ ಟೇಪ್ ಹಿಡಿಯಿರಿ. ಗೋಡೆಯ ಹತ್ತಿರವೇ ಅಳೆಯಿರಿ, ತುದಿಯಲ್ಲಲ್ಲ. ಮೊಮೆಂಟ್ ಜಾಸ್ತಿ ಇರುವುದು ಗೋಡೆಯ ಹತ್ತಿರ. 76 ಇರಬೇಕಾದ ಕಡೆ 70 ಬಂದರೂ ಕೆಲಸ ನಿಲ್ಲಿಸಿ ಚೇರ್ ಇಡಿಸಿ. ಓಡಾಡಲು ಕಂಬಿಯ ಮೇಲೆ ಹಾಯದ ಹಾಗೆ ಹಲಗೆ ಹಾಕಿಸಿ, ಹಲಗೆಯ ಕಾಲು ಸೆಂಟ್ರಿಂಗ್ ಮೇಲೆ ನಿಲ್ಲಲಿ.